ಸ್ವಂತ ಬಿಲ್ಲಿಂಗ್ ತಂತ್ರಾಂಶಕ್ಕೆ ಇ-ಇನ್‌ವಾಯ್ಸ್ ಜೋಡಣೆ: ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಸರ್. ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಘಟಕವೊಂದರ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ಕಳೆದ ಆರ್ಥಿಕ ವರ್ಷದಲ್ಲಿ ನಮ್ಮ ವಹಿವಾಟು ಮೊದಲ ಬಾರಿಗೆ 5 ಕೋಟಿ ರೂಪಾಯಿ ದಾಟಿದ್ದರಿಂದ ಇ-ಇನ್‌ವಾಯ್ಸ್, ಅಂದರೆ ಬಿಲ್ಲನ್ನು ಸರ್ಕಾರದ ಪೋರ್ಟಲ್‌ನಲ್ಲಿ ನೋಂದಾಯಿಸುವುದು, ಕಡ್ಡಾಯವಾಗಿದೆ. ನಮ್ಮ ಬಿಲ್ಲಿಂಗ್ ತಂತ್ರಾಂಶವನ್ನು ಪರಿಚಯದ ಎಂಜಿನಿಯರ್ ಒಬ್ಬರು ಬಹಳ ಹಿಂದೆ ಬರೆದುಕೊಟ್ಟಿದ್ದರು. ಈಗ ಅದರಲ್ಲಿ ಹಾಕಿದ ಬಿಲ್ಲನ್ನೇ ಎಕ್ಸೆಲ್ ಹಾಳೆಯಲ್ಲಿ ಮತ್ತೆ ತುಂಬಿ ಪೋರ್ಟಲ್‌ಗೆ ಏರಿಸುತ್ತಿದ್ದೇವೆ. ತಂತ್ರಾಂಶದಿಂದಲೇ ನೇರವಾಗಿ ಹೋಗುವಂತೆ ಮಾಡಲು ಎಲ್ಲಿಂದ ಆರಂಭಿಸಬೇಕು?

ಉತ್ತರ: ನಮಸ್ಕಾರ ಮೇಡಂ. ಎಂಜಿನಿಯರನ್ನು ಕರೆಸುವ ಮುನ್ನ ನಿಮ್ಮ ಗ್ರಾಹಕರ ಮತ್ತು ಸರಕುಗಳ ಮಾಸ್ಟರ್ ಪಟ್ಟಿಯನ್ನು ತೆರೆದು ಕುಳಿತುಕೊಳ್ಳಿ. ನಾನು ಮಾಡಿಕೊಟ್ಟ ಜೋಡಣೆಗಳಲ್ಲಿ ಹೆಚ್ಚು ದಿನ ತಿಂದದ್ದು ಪ್ರೋಗ್ರಾಂ ಅಲ್ಲ, ಈ ಪಟ್ಟಿಗಳೇ. ಹೊಸೂರಿನ ಗ್ರಾಹಕರೊಬ್ಬರ ಜಿಎಸ್‌ಟಿ ಸಂಖ್ಯೆ 33ರಿಂದ, ಅಂದರೆ ತಮಿಳುನಾಡಿನ ಸಂಕೇತದಿಂದ ಆರಂಭವಾಗುತ್ತಿದ್ದರೂ, ಪಟ್ಟಿಯಲ್ಲಿ ಯಾರೋ ಯಾವಾಗಲೋ ರಾಜ್ಯದ ಜಾಗದಲ್ಲಿ ಕರ್ನಾಟಕ ಎಂದು ನಮೂದಿಸಿದ್ದರು. ಕಾಗದದ ಬಿಲ್ಲಿನಲ್ಲಿ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಪೋರ್ಟಲ್ ಮಾತ್ರ ಜಿಎಸ್‌ಟಿ ಸಂಖ್ಯೆ, ರಾಜ್ಯ ಸಂಕೇತ, ಪಿನ್‌ಕೋಡ್ ಈ ಮೂರನ್ನೂ ತಾಳೆ ನೋಡಿ ಬಿಲ್ಲನ್ನು ತಿರಸ್ಕರಿಸಿತು. ಅಳತೆಯ ಘಟಕವನ್ನು ನಿಮ್ಮಲ್ಲಿ ‘ಪೀಸ್’ ಎಂದೋ ‘ನಗ’ ಎಂದೋ ಬರೆದಿದ್ದರೆ ಇಲಾಖೆಯ ಪಟ್ಟಿಯಲ್ಲಿರುವ ಸಂಕೇತಕ್ಕೆ ಬದಲಾಯಿಸಬೇಕು. 5 ಕೋಟಿ ದಾಟಿದವರು ಸರಕಿನ ಬಗೆ ತಿಳಿಸುವ ಎಚ್‌ಎಸ್‌ಎನ್ ಸಂಕೇತವನ್ನು ಕನಿಷ್ಠ 6 ಅಂಕಿಗಳಲ್ಲಿ ಕೊಡಬೇಕು. ಬಿಲ್ ಸಂಖ್ಯೆ 16 ಅಕ್ಷರಗಳನ್ನು ಮೀರುವಂತಿಲ್ಲ.

ಜೋಡಣೆಗೆ ನಿಮ್ಮಂಥ ಘಟಕಕ್ಕೆ ಸುಲಭವಾದದ್ದು ಜಿಎಸ್‌ಟಿ ಸುವಿಧಾ ಪೂರೈಕೆದಾರರ (ಪೋರ್ಟಲ್‌ಗೆ ಸಂಪರ್ಕ ಒದಗಿಸುವ ಅನುಮೋದಿತ ಸಂಸ್ಥೆಗಳ) ಮೂಲಕ ಹೋಗುವ ದಾರಿ ಎಂಬುದು ನನ್ನ ಅಭಿಪ್ರಾಯ. ನೇರ ಸಂಪರ್ಕಕ್ಕೆ ಸ್ಥಿರ ಐಪಿ ವಿಳಾಸವನ್ನು ನೋಂದಾಯಿಸಬೇಕು, ಗುಪ್ತಪದವನ್ನು ಎನ್‌ಕ್ರಿಪ್ಟ್ ಮಾಡಿ ಕಳಿಸಬೇಕು, 6 ಗಂಟೆಗೊಮ್ಮೆ ಅವಧಿ ಮುಗಿಯುವ ಟೋಕನ್ (ಪೋರ್ಟಲ್ ಕೊಡುವ ತಾತ್ಕಾಲಿಕ ಪ್ರವೇಶ ಸಂಕೇತ) ಅನ್ನು ನವೀಕರಿಸುತ್ತಿರಬೇಕು. ಇಷ್ಟನ್ನೂ ಸದಾ ನೋಡಿಕೊಳ್ಳುವವರು ನಿಮ್ಮಲ್ಲೇ ಇದ್ದರೆ ಮಾತ್ರ ಅದು ಸರಿ. ಯಾವ ದಾರಿ ಹಿಡಿದರೂ ಮೊದಲು ಸ್ಯಾಂಡ್‌ಬಾಕ್ಸ್ ಎಂಬ ಪರೀಕ್ಷಾ ಪೋರ್ಟಲ್‌ನಲ್ಲಿ ನಿಮ್ಮದೇ ಹಳೆಯ ಬಿಲ್‌ಗಳ ಮಾದರಿಯಲ್ಲಿ ಪರೀಕ್ಷಿಸಿ. ರಿಯಾಯಿತಿ ಕೊಟ್ಟ ಬಿಲ್, ಪೈಸೆ ಸುತ್ತುಗೂಡಿಸಿದ ಬಿಲ್, ಬಿಲ್ ಮೊತ್ತ ಇಳಿಸಲು ಕೊಡುವ ಕ್ರೆಡಿಟ್ ನೋಟ್ ಮೂರೂ ಅದರಲ್ಲಿರಲಿ. ಜಿಎಸ್‌ಟಿ ಸಂಖ್ಯೆ ಇಲ್ಲದ ಬಿಡಿ ಗ್ರಾಹಕರ ಬಿಲ್‌ಗಳಿಗೆ ಇ-ಇನ್‌ವಾಯ್ಸ್ ಅನ್ವಯಿಸುವುದಿಲ್ಲವಾದ್ದರಿಂದ ತಂತ್ರಾಂಶವೇ ಅವನ್ನು ಬೇರ್ಪಡಿಸಲಿ.

ಪ್ರಶ್ನೆ: ವಂದನೆಗಳು ಸರ್. ಪೂರೈಕೆದಾರರೊಬ್ಬರ ಮೂಲಕ ಪ್ರಯೋಗ ಆರಂಭಿಸಿದ್ದೇವೆ. ನಿನ್ನೆ ಸಂಜೆ ಲಾರಿ ಬಾಗಿಲಲ್ಲಿ ನಿಂತಿದ್ದಾಗ ಪರದೆ ಸುತ್ತುತ್ತಲೇ ಇತ್ತು, ಉತ್ತರ ಬರಲಿಲ್ಲ. ಮತ್ತೆ ಕಳಿಸಿದರೆ 2150 ಎಂಬ ದೋಷ ಬಂತು. ಗಾಬರಿಯಲ್ಲಿ ನಮ್ಮ ಹುಡುಗ ಹೊಸ ಸಂಖ್ಯೆ ಹಾಕಿ ಇನ್ನೊಂದು ಬಿಲ್ ಮಾಡಿಬಿಟ್ಟಿದ್ದಾನೆ.

ಉತ್ತರ: ಮೇಡಂ, ಆ ಎರಡರಲ್ಲಿ ಒಂದನ್ನು ಇವತ್ತೇ ರದ್ದು ಮಾಡಿ, ಏಕೆಂದರೆ ಪೋರ್ಟಲ್‌ನಲ್ಲಿ ರದ್ದತಿಗೆ ಇರುವುದು 24 ಗಂಟೆ ಮಾತ್ರ. ಅದರ ಮೇಲೆ ಇ-ವೇ ಬಿಲ್ (ಸರಕು ಸಾಗಣೆಯ ಆನ್‌ಲೈನ್ ಪರವಾನಗಿ) ಚಾಲ್ತಿಯಲ್ಲಿದ್ದರೆ ಮೊದಲು ಅದನ್ನು ರದ್ದುಪಡಿಸಬೇಕು. ಲಾರಿ ಯಾವ ಬಿಲ್ಲಿನೊಂದಿಗೆ ಹೋಗಿದೆಯೋ ಅದನ್ನು ಮುಟ್ಟಬೇಡಿ. ಒಮ್ಮೆ ರದ್ದಾದ ಬಿಲ್ ಸಂಖ್ಯೆಯನ್ನು ಮತ್ತೆ ಬಳಸಲು ಬರುವುದಿಲ್ಲ ಎಂಬುದು ನೆನಪಿರಲಿ.

2150 ಎಂದರೆ ಆ ಬಿಲ್ ಆಗಲೇ ನೋಂದಣಿಯಾಗಿದೆ ಎಂದರ್ಥ. ನಿಮ್ಮ ಜಿಎಸ್‌ಟಿ ಸಂಖ್ಯೆ, ಆರ್ಥಿಕ ವರ್ಷ, ದಾಖಲೆಯ ಬಗೆ, ಬಿಲ್ ಸಂಖ್ಯೆ ಈ ನಾಲ್ಕರಿಂದ 64 ಅಕ್ಷರಗಳ ಐಆರ್‌ಎನ್, ಅಂದರೆ ಬಿಲ್ಲಿನ ನೋಂದಣಿ ಸಂಖ್ಯೆ, ಹುಟ್ಟುತ್ತದೆ. ನಾಲ್ಕೂ ಅವೇ ಆಗಿದ್ದರೆ ಐಆರ್‌ಎನ್ ಕೂಡ ಅದೇ. ನಿನ್ನೆ ನಿಮ್ಮ ಬಿಲ್ ತಲುಪಿತ್ತು, ಉತ್ತರ ಮಾತ್ರ ದಾರಿಯಲ್ಲಿ ತಪ್ಪಿತು. ಹಾಗಾದಾಗ ಬಿಲ್ ಸಂಖ್ಯೆ ಮತ್ತು ದಿನಾಂಕ ಕೊಟ್ಟು ಐಆರ್‌ಎನ್ ಕೇಳಿ ಪಡೆಯುವ ಎಪಿಐ (ತಂತ್ರಾಂಶವು ಪೋರ್ಟಲನ್ನು ನೇರವಾಗಿ ಕೇಳುವ ಸೌಲಭ್ಯ) ಇದೆ. ಉತ್ತರ ಬಾರದಿದ್ದರೆ ತಂತ್ರಾಂಶ ಮೊದಲು ಅದನ್ನೇ ಕೇಳಬೇಕು, ಅಲ್ಲಿ ಇಲ್ಲವೆಂದು ಖಚಿತವಾದ ಮೇಲಷ್ಟೇ ಅದೇ ಸಂಖ್ಯೆಯಲ್ಲಿ ಮತ್ತೆ ಕಳಿಸಬೇಕು, ಮತ್ತು ಅಲ್ಲಿಯವರೆಗೆ ಹೊಸ ಬಿಲ್ ಮಾಡುವ ಗುಂಡಿಯೇ ಒತ್ತಲಾಗದಂತೆ ಇರಬೇಕು ಎಂದು ನಿಮ್ಮ ಎಂಜಿನಿಯರ್‌ಗೆ ಬರವಣಿಗೆಯಲ್ಲೇ ತಿಳಿಸಿ. ಹುಡುಗನನ್ನು ಗದರಬೇಡಿ, ಲಾರಿ ಚಾಲಕ ಹಾರ್ನ್ ಹೊಡೆಯುತ್ತಿರುವಾಗ ತಪ್ಪು ಮಾಡಲು ಬಿಡದಂತಿರಬೇಕಾದದ್ದು ತಂತ್ರಾಂಶ.

ಪೋರ್ಟಲ್ ಸಹಿ ಮಾಡಿ ಮರಳಿಸುವ ಇಡೀ ಜೇಸನ್ (ದತ್ತಾಂಶದ ಪಠ್ಯ ರೂಪ) ಉತ್ತರವನ್ನು ನಿಮ್ಮ ಡೇಟಾಬೇಸ್‌ನಲ್ಲೇ ಉಳಿಸಿಕೊಳ್ಳಿ. ಕ್ಯೂಆರ್ ಕೋಡ್ ಅನ್ನು ಬಿಲ್ಲಿನ ಮೇಲೆ ಮುದ್ರಿಸಲು ಅದು ಬೇಕೇ ಬೇಕು, ಮತ್ತು ಇ-ಇನ್‌ವಾಯ್ಸ್ ಆಗದ ಬಿಲ್ಲನ್ನು ನಿಯಮ 48(5)ರ ಪ್ರಕಾರ ಬಿಲ್ಲೆಂದೇ ಪರಿಗಣಿಸುವುದಿಲ್ಲ.

ಮತ್ತೊಬ್ಬ ಸದಸ್ಯರ ಪ್ರಶ್ನೆ: 24 ಗಂಟೆ ದಾಟಿದ ಮೇಲೆ ತಪ್ಪು ಗೊತ್ತಾದರೆ?

ಉತ್ತರ: ಕ್ರೆಡಿಟ್ ನೋಟ್ ಕೊಡಬೇಕು, ಅದಕ್ಕೂ ಐಆರ್‌ಎನ್ ಪಡೆಯಬೇಕು. ಬರೀ ವಿವರದ ತಪ್ಪಾದರೆ ಮಾರಾಟದ ವಿವರ ಸಲ್ಲಿಸುವ ಜಿಎಸ್‌ಟಿಆರ್-1ರಲ್ಲಿ ತಿದ್ದಬಹುದು. ವಹಿವಾಟು 10 ಕೋಟಿ ಅಥವಾ ಅದಕ್ಕಿಂತ ಹೆಚ್ಚಿರುವವರಿಗೆ 2025ರ ಏಪ್ರಿಲ್ 1ರಿಂದ ಬಿಲ್ ದಿನಾಂಕದ 30 ದಿನಗಳ ನಂತರ ಪೋರ್ಟಲ್ ಅದನ್ನು ಸ್ವೀಕರಿಸುವುದೇ ಇಲ್ಲ. ಆದ್ದರಿಂದ ಬಾಕಿ ಉಳಿದ ಬಿಲ್‌ಗಳ ಪಟ್ಟಿಯೊಂದು ದಿನವೂ ಬೆಳಿಗ್ಗೆ ಪರದೆಯ ಮೇಲೆ ಬರುವಂತೆ ಮಾಡಿಸಿಕೊಳ್ಳಿ.