ಅಮ್ಮ ಅನ್ನ-ತಿಳಿಸಾರು ಬಿಟ್ಟು ಏನೂ ತಿನ್ನುತ್ತಿಲ್ಲ, ಪ್ರೋಟೀನ್ ಪೌಡರ್ ಶುರು ಮಾಡಲಾ?

ಹಾಸನದ ಮಗಳು: ಅಮ್ಮನಿಗೆ 72. ಕೆಳಗಿನ ಹಲ್ಲು ತೆಗೆಸಿದ ಮೇಲೆ ಅನ್ನ-ತಿಳಿಸಾರು, ಕಾಫಿಗೆ ಅದ್ದಿದ ಬಿಸ್ಕತ್ತು, ಅಷ್ಟೇ. ತೂಕ 58ರಿಂದ 51ಕ್ಕೆ ಇಳಿದಿದೆ. ಶುಗರ್‌ಗೆ ಮೆಟ್‌ಫಾರ್ಮಿನ್ ತಗೋತಾರೆ. ಪೂರ್ತಿ ಸಸ್ಯಾಹಾರಿ. ಪೌಡರ್ ಕೊಟ್ಟವರು ಯಾರಾದರೂ ಇದ್ದೀರಾ?

ತುಮಕೂರು ಸೊಸೆ: ನಮ್ಮ ಅತ್ತೆಗೆ ನಾದಿನಿ ಬೆಂಗಳೂರಿಂದ ಕಳಿಸುತ್ತಿದ್ದಳು. 400 ಗ್ರಾಂ ಡಬ್ಬಿಗೆ 740 ರೂಪಾಯಿ. ಎರಡು ಡಬ್ಬಿ ಆದಮೇಲೆ ಅವಳು ಸುಮ್ಮನಾದಳು, ಖರ್ಚು ನಮ್ಮ ತಲೆಗೆ ಬಂತು. ಅತ್ತೆಗೆ ಹೊಟ್ಟೆ ಕಟ್ಟಿತು. ಅದಕ್ಕೆ ಇಸಬ್‌ಗೋಲು, 165. ನೋಡಿದರೆ ಅತ್ತೆ ಅರ್ಧ ಲೋಟ ಕುಡಿದು ಉಳಿದದ್ದನ್ನು ದಾಸವಾಳದ ಗಿಡಕ್ಕೆ ಸುರಿಯುತ್ತಿದ್ದರು! ಕೊನೆಗೆ ಡಾಕ್ಟರು ವಿಟಮಿನ್ ಬಿ12 ಟೆಸ್ಟ್ ಬರೆದರು, 138 ಬಂತು, ಕಮ್ಮಿ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡರೆ ಬಿ12 ಕಮ್ಮಿ ಆಗುತ್ತೆ, ಮಾಂಸ-ಮೊಟ್ಟೆ ತಿನ್ನದವರಿಗೆ ಇನ್ನೂ ಜಾಸ್ತಿ. ಇಂಜೆಕ್ಷನ್ ಹಾಕಿಸಿದ ಮೇಲೆ ಕಾಲಿನ ಜೋಮು ಇಳಿಯಿತು. ನಾದಿನಿ ಮಾತ್ರ ಇವತ್ತಿಗೂ "ನನ್ನ ಪೌಡರಿಂದಲೇ" ಅಂತಾಳೆ.

ಮದ್ದೂರು ಮುದ್ದೆ: ಈ ಡಬ್ಬಿಗಳ ಕಥೆಯೇ ಬೇಡ. ನಮ್ಮಪ್ಪನಿಗೆ 81. ಎರಡು ಹೊತ್ತು ಮುದ್ದೆ, ಬಸ್ಸಾರು. ಹಲ್ಲು ಒಂದೂ ಇಲ್ಲ. ಮುದ್ದೆ ನುಂಗೋಕೆ ಹಲ್ಲು ಯಾಕೆ? ಈಗಲೂ ಗದ್ದೆಗೆ ಹೋಗಿ ನೀರು ತಿರುಗಿಸಿ ಬರ್ತಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ, ಎನ್‌ಐಎನ್‌ನವರೇ 2024ರಲ್ಲಿ ಪ್ರೋಟೀನ್ ಪೌಡರ್ ಬೇಡ ಅಂದಿದ್ದಾರೆ.

ಲ್ಯಾಬ್ ರಿಪೋರ್ಟ್: ಅಣ್ಣ, ಅವರು ಹೇಳಿದ್ದು ಮೈ ಕಟ್ಟೋಕೆ ಪೌಡರ್ ತಿನ್ನೋರಿಗೆ. ಹಲ್ಲು ಬಿದ್ದ ಅಜ್ಜಿಗಲ್ಲ. 100 ಗ್ರಾಂ ರಾಗಿಯಲ್ಲಿ ಪ್ರೋಟೀನ್ ಸುಮಾರು 7 ಗ್ರಾಂ, ಹೆಸರುಬೇಳೆಯಲ್ಲಿ 24ರ ಹತ್ತಿರ. ರಾಗಿ ಕ್ಯಾಲ್ಸಿಯಂಗೆ ಒಳ್ಳೇದು, ಒಪ್ಪಿದೆ. ನಿಮ್ಮಪ್ಪನನ್ನು ಕಾಯುತ್ತಿರೋದು ಬಸ್ಸಾರಿನ ಕಾಳು. ನಮ್ಮಮ್ಮನಿಗೆ ಯಾರೋ ಹೇಳಿದರು ಅಂತ ಬೆಳಗ್ಗೆ-ಸಂಜೆ ತೆಳ್ಳಗೆ ರಾಗಿ ಗಂಜಿ ಕೊಟ್ಟರು ನಮ್ಮಕ್ಕ. ತಿಂಡಿ ಆಗಿ ಎರಡು ಗಂಟೆ ಬಿಟ್ಟು ನೋಡಿದರೆ ಶುಗರ್ 286! ಶುಗರ್ ನೋಡೋ ಸ್ಟ್ರಿಪ್ ಡಬ್ಬಿ 50ಕ್ಕೆ 1,050 ರೂಪಾಯಿ, ತಿಂಗಳಿಗೆ ಎರಡು ಖಾಲಿ. ಗಂಜಿ ಬಿಡಿಸಿ ಗಟ್ಟಿ ತೊವ್ವೆ, ಮೊಸರು, ಪನೀರ್ ಪುಡಿ ಮಾಡಿ ಹಾಕಿದ ಉಪ್ಪಿಟ್ಟು ಕೊಟ್ಟ ಮೇಲೆ 180ಕ್ಕೆ ಇಳಿಯಿತು.

ಮದ್ದೂರು ಮುದ್ದೆ: ಗಂಜಿಗೂ ಮುದ್ದೆಗೂ ವ್ಯತ್ಯಾಸ ಗೊತ್ತಿಲ್ಲದವರ ಹತ್ತಿರ ಏನು ಮಾತು. ಪುಸ್ತಕ ಓದಿ ಊಟ ಮಾಡೋರು ನೀವು.

ವಿಜಯನಗರ 2ನೇ ಹಂತ: ಹಲ್ಲಿನ ಮಾತು ಯಾರೂ ಆಡುತ್ತಿಲ್ಲವಲ್ಲ! ನಮ್ಮ ಯಜಮಾನರಿಗೆ ಪೂರ್ತಿ ಸೆಟ್ 24,000. ಮೇಲಿನದು ಕೂತಿತು. ಕೆಳಗಿನದು ಮಾತಾಡಿದರೆ ಎದ್ದು ಬರುತ್ತೆ, ವಸಡು ಹುಣ್ಣು. ಸರಿ ಮಾಡಿಸೋಕೆ ಹೋದಾಗಲೆಲ್ಲ 500. ಆಮೇಲೆ ಇಂಪ್ಲಾಂಟ್ ಹಾಕಿಸಿ ಅಂದರು, 1,80,000. ಪಿಂಚಣಿಯವರು ಎಲ್ಲಿಂದ ತರೋದು? ಸೆಟ್ ಈಗ ನೀರಿನ ಡಬ್ಬಿಯಲ್ಲೇ ಇರುತ್ತೆ, ಮದುವೆ-ಮುಂಜಿಗೆ ಮಾತ್ರ ಹೊರಗೆ. ಬೇಳೆ, ತರಕಾರಿ ಕುಕ್ಕರಿನಲ್ಲಿ ಎರಡು ವಿಸಿಲ್ ಜಾಸ್ತಿ ಕೂಗಿಸಿ ಮಸೆದು ಕೊಡ್ತೀನಿ. ಮದ್ದೂರಿನವರೇ, ನಿಮ್ಮಪ್ಪನಿಗೆ ಎರಡು ಹೊತ್ತು ಮುದ್ದೆ ತಿರುವೋದು ನೀವೋ, ನಿಮ್ಮ ಹೆಂಡತಿಯೋ?

ಮದ್ದೂರು ಮುದ್ದೆ: ನಮ್ಮ ಮನೆ ವಿಷಯ ನಿಮಗ್ಯಾಕೆ ಮೇಡಂ?

ತುಮಕೂರು ಸೊಸೆ: ಉತ್ತರ ಸಿಕ್ಕಿತು ಬಿಡಿ.

ನ್ಯೂಜೆರ್ಸಿ ಮಗ: ಅಮ್ಮ ಮೈಸೂರಿನಲ್ಲಿ ಒಬ್ಬರೇ. ಅಡುಗೆಯವರಿಗೆ ತಿಂಗಳಿಗೆ 9,000 ಕೊಡ್ತೀನಿ. ಎರಡು ಹೊತ್ತೂ ಪಲ್ಯ, ಬೇಳೆ ಕಡ್ಡಾಯ. ಆದರೂ ಅಮ್ಮ ಮೊಸರನ್ನ, ಉಪ್ಪಿನಕಾಯಿ ತಿಂದು ಮಲಗುತ್ತಾರೆ. ದುಡ್ಡು ಕೊಟ್ಟರೂ ಹೀಗೆ.

ವಿಜಯನಗರ 2ನೇ ಹಂತ: ಒಬ್ಬರೇ ಕೂತು ಯಾರು ತಾನೇ ಪಲ್ಯ ತಿಂತಾರೆ ಸರ್? ಎದುರಿಗೆ ಕೂರೋರು ಬೇಕು.

ನ್ಯೂಜೆರ್ಸಿ ಮಗ: ಪರದೇಶದವರಿಗೆ ಬೈಯೋದು ಬಹಳ ಸುಲಭ.

ಶಿವಮೊಗ್ಗ ರಿಟೈರ್ಡ್: ಉಪ್ಪಿನ ಬಗ್ಗೆ ಒಂದು ಮಾತು. ನನ್ನ ತಮ್ಮನಿಗೆ ಬಿಪಿ, ಮೂತ್ರಪಿಂಡವೂ ಸ್ವಲ್ಪ ದುರ್ಬಲ. ಅಂಗಡಿಯವನು "ಬಿಪಿಗೆ ಒಳ್ಳೇದು" ಅಂತ ಸೋಡಿಯಂ ಕಡಿಮೆ ಇರೋ ಉಪ್ಪು ಕೊಟ್ಟ. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಶಿಯಂ ಇರುತ್ತೆ. ಮೂತ್ರಪಿಂಡ ಸರಿ ಇಲ್ಲದವರಿಗೆ, ಟೆಲ್ಮಿಸಾರ್ಟನ್ ಥರದ ಬಿಪಿ ಮಾತ್ರೆ ನುಂಗೋರಿಗೆ ಅದು ರಕ್ತದಲ್ಲಿ ಏರುತ್ತೆ. ತಮ್ಮನಿಗೆ ಪೊಟ್ಯಾಶಿಯಂ 6.3ಕ್ಕೆ ಏರಿ ಐಸಿಯು ಸೇರಿದ. ಬಿಲ್ಲು 68,400. ವಿಮೆಯವರು 41,000 ಕೊಟ್ಟರು, ಕೈಗವಸಿನ ದುಡ್ಡು ಕೂಡ ಹಿಡಿದುಕೊಂಡು! ಹಾಸನದವರೇ, ಪೌಡರ್ ಕೊಡೋ ಮುಂಚೆ ಮೂತ್ರಪಿಂಡ ಹೇಗಿದೆ ಅಂತ ತೋರಿಸೋ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿ.

ಹಾಸನದ ಮಗಳು: ಬಿ12, ಕ್ರಿಯಾಟಿನಿನ್ ಎರಡೂ ಮಾಡಿಸ್ತೀನಿ. ರಾಗಿ ಮಾಲ್ಟ್ ಪ್ಯಾಕೆಟ್ ತಂದಿದ್ದೆ, ಅರ್ಧ ಕೆಜಿ 320. ಕೊಡಬಹುದಾ?

ಲ್ಯಾಬ್ ರಿಪೋರ್ಟ್: ಹಿಂದುಗಡೆ ಸಕ್ಕರೆ ಎಷ್ಟಿದೆ ಓದಿ ಮೊದಲು.

ಮದ್ದೂರು ಮುದ್ದೆ: 320ಆ?! 2025-26ಕ್ಕೆ ರಾಗಿ ಬೆಂಬಲ ಬೆಲೆ ಕ್ವಿಂಟಾಲ್‌ಗೆ 4,886 ರೂಪಾಯಿ. ಕೆಜಿಗೆ 49 ಕೂಡ ಬೀಳಲ್ಲ. ಅದನ್ನೇ ಪುಡಿ ಮಾಡಿ, ಏಲಕ್ಕಿ ಹಾಕಿ, ಅಜ್ಜಿ ಚಿತ್ರ ಅಂಟಿಸಿ ಮಾರ್ತಾರೆ.

ಶಿವಮೊಗ್ಗ ರಿಟೈರ್ಡ್: ಆ 4,886 ನಿಮ್ಮ ಕೈಗೆ ಬಂತಾ?

ಮದ್ದೂರು ಮುದ್ದೆ: ನೋಂದಣಿಗೆ ಎರಡು ದಿನ ಕ್ಯೂ ನಿಂತಿದ್ದೆ. ಅದಕ್ಕೆ ಬೇರೆ ಪೋಸ್ಟ್ ಹಾಕ್ತೀನಿ, ಅಲ್ಲಿಗೆ ಬನ್ನಿ.