ಅಪ್‌ಡೇಟ್: ಲೆನ್ಸಿನ್ಯಾಗ ಸಿಕ್ಕಿದ್ದ ಮರಳು ಹೊರಗ ಬಂತು

ಪಟ್ಟದಕಲ್ಲಿನ ಮಲಪ್ರಭಾ ದಂಡಿ ಮರಳು ಹೊಕ್ಕು ಸಣ್ಣ ಡಿಜಿಟಲ್ ಕ್ಯಾಮೆರಾದ ಲೆನ್ಸ್ ಅರ್ಧಕ್ಕ ನಿಂತೇತಿ, ಆನ್ ಮಾಡಿದ್ರ ‘ಲೆನ್ಸ್ ಎರರ್’ ಬರ್ತೇತಿ ಅಂತ ಕೇಳಿದ್ನೆಲ್ರಿ, ಈಗ ಸರಿ ಆತು.

ಕೆಲಸಕ್ಕ ಬಂದದ್ದು ಕಾಗದದ ಪಟ್ಟಿ ಉಪಾಯ. ಬ್ಯಾಟರಿ ತಗದು, ಲೆನ್ಸ್ ಕೆಳಮುಖ ಹಿಡಿದು, ಮೊದಲ ಕೈಲೆ ಹಿಸುಕಿ ಗಾಳಿ ಬಿಡೋ ರಬ್ಬರ್ ಬ್ಲೋವರ್‌ಲೆ ಲೆನ್ಸಿನ ಒಂದರಾಗೊಂದು ಜಾರೋ ಕೊಳವಿಗಳ ಸಂದಿಗೆ ಸುತ್ತಲೂ ಗಾಳಿ ಹಾಕ್ರಿ. ಆಮ್ಯಾಲೆ ಬರಿಯೋ ಕಾಗದದ 5 ಮಿ.ಮೀ. ಅಗಲದ ಪಟ್ಟಿ ಸಂದ್ಯಾಗ ತೂರಿಸಿ ಒಂದ ದಿಕ್ಕಿಗೆ ಸುತ್ತ ಎಳೀರಿ. ವಿಸಿಟಿಂಗ್ ಕಾರ್ಡ್ ದಪ್ಪ ಆಗ್ತೇತಿ, ಹೋಗಂಗಿಲ್ಲ. ಭಾಳ ಆಳಕ್ಕ ತೂರಿಸಬ್ಯಾಡ್ರಿ. ಒಳಗ ಧೂಳು ತಡಿಯೋ ತೆಳ್ಳನ ರಿಂಗ್ ಇದ್ರ ಜಾಗ ಬಿಡ್ತೇತಿ. ಒಂದು ಸುತ್ತು ಕಾಗದ, ಮತ್ತ ಬ್ಲೋವರ್, ಹಿಂಗ ಹರಳು ಉದುರೋದು ನಿಲ್ಲೋತನಕ. ಕಡೀಕ ಫುಲ್ ಚಾರ್ಜ್ ಆದ ಬ್ಯಾಟರಿ ಹಾಕಿ, ಕೆಳಮುಖ ಇಟ್ಕೊಂಡ ಆನ್ ಮಾಡ್ರಿ. ಚಾರ್ಜ್ ಕಡಿಮಿ ಇದ್ರ ಮೋಟರ್‌ಗೆ ಜೋರ ಸಾಲಂಗಿಲ್ಲ.

ವ್ಯಾಕ್ಯೂಮ್ ಕ್ಲೀನರ್ ಏನೂ ಉಪಯೋಗಕ್ಕ ಬರಲಿಲ್ಲ. ಪಂಕ್ಚರ್ ಅಂಗಡಿ ಗಾಳಿ ಹೊಡಸ್ರಿ ಅಂದವರಿಗೆ: ಆ ಕಂಪ್ರೆಸರ್ ಗಾಳ್ಯಾಗ ನೀರು, ಎಣ್ಣಿ ಎರಡೂ ಇರ್ತಾವ, ಹರಳನ್ನ ಇನ್ನೂ ಒಳಗ ದಬ್ತೇತಿ. ಎಣ್ಣಿ ಸ್ಪ್ರೇ ಅಂತೂ ಮುಟ್ಟಲೇಬ್ಯಾಡ್ರಿ, ಮರಳಿನ ಜೋಡಿ ಕೂಡಿ ಮಡ್ಡಿ ಆಗ್ತೇತಿ, ಅಪರ್ಚರ್ ಎಲೆಗಳಿಗೂ (ಲೆನ್ಸಿನೊಳಗ ಬೆಳಕು ಹೆಚ್ಚು ಕಡಿಮಿ ಮಾಡೋ ತೆಳ್ಳನ ಪಟ್ಟಿಗಳು) ಹರೀತೇತಿ.

ಹೊಸದಾಗಿ ತಿಳಿದದ್ದು: ನಮ್ಮ ಕಡೆ ಮರಳುಗಲ್ಲಿನ ಹರಳು ಹೆಚ್ಚಾಗಿ ಕ್ವಾರ್ಟ್ಸ್, ಖನಿಜದ ಗಡಸುತನ 1ರಿಂದ 10ರತನಕ ಅಳಿಯೋ ಮೋಸ್ (Mohs) ಮಾಪನದಾಗ 7. ಗಾಜಿಗಿಂತ ಗಟ್ಟಿ. ಅದಕ್ಕ ಬ್ಲೋವರ್ ಹಾಕದ ಮುಂದಿನ ಗಾಜನ್ನ ಬಟ್ಟಿಲೆ ಒರಸಿದ್ರ ಗೀರು ಬೀಳೋದು ಖರೆ.

ಪೂರ್ತಿ ಝೂಮ್ ಮಾಡಿದಾಗ ಸಣ್ಣಗೆ ಕರಕರ ಅನ್ನೋದು ಇನ್ನೂ ಐತಿ. ಫೋಟೋಕ್ಕ ಅಡ್ಡಿ ಇಲ್ಲ, ವಿಡಿಯೋದಾಗ ಮಾತ್ರ ಕೇಳಸ್ತೇತಿ.