ಪಂಚಾಯಿತಿಯಲ್ಲಿ ಅರ್ಧಕ್ಕರ್ಧ, ಲೋಕಸಭೆಯಲ್ಲಿ ಯಾಕಿಲ್ಲ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಗ್ರಾಮ ಪಂಚಾಯಿತಿ ಸದಸ್ಯೆಯಾಗಿದ್ದವಳು. ನಮ್ಮಲ್ಲಿ ಅರ್ಧದಷ್ಟು ಹೆಂಗಸರೇ ಇದ್ದೆವು. ಆದರೆ 2024ರಲ್ಲಿ ಕರ್ನಾಟಕದ 28 ಲೋಕಸಭಾ ಸ್ಥಾನಗಳಲ್ಲಿ ಗೆದ್ದ ಹೆಂಗಸರು ಮೂವರೇ. ಜನ ನಮಗೆ ವೋಟು ಹಾಕಲ್ಲ ಅಂತಾರೆ. ನಿಜವಾ?

ಉತ್ತರ (ಪಂಚಾಯಿತಿ ಸದಸ್ಯರ ತರಬೇತುದಾರರು): ನಮಸ್ಕಾರ. ತಪ್ಪು ಜನರದ್ದಲ್ಲ. ಆ ಚುನಾವಣೆಗೆ ಇಡೀ ದೇಶದಲ್ಲಿ ನಿಂತವರಲ್ಲಿ ಹೆಂಗಸರು ನೂರಕ್ಕೆ ಹತ್ತರಷ್ಟೂ ಇರಲಿಲ್ಲ. ಗೆದ್ದವರು 543ರಲ್ಲಿ 74, ಅಂದರೆ ನೂರಕ್ಕೆ ಹದಿಮೂರು ದಾಟಿತು. ನಿಲ್ಲಿಸಿದರೆ ಗೆಲ್ಲುತ್ತಾರೆ, ನಿಲ್ಲಿಸುವವರೇ ಕಡಿಮೆ.

ಎಲ್ಲಾ ಅಡಗಿರೋದು ಬಿ ಫಾರಂನಲ್ಲಿ, ಅಂದರೆ ಇವರೇ ನಮ್ಮ ಅಭ್ಯರ್ಥಿ ಅಂತ ಪಕ್ಷ ಕೊಡುವ ಹಾಳೆಯಲ್ಲಿ. ಪಕ್ಷದ ಪದಾಧಿಕಾರಿ ಪೆನ್ನಿನಲ್ಲೇ ಸಹಿ ಹಾಕಿದ ಆ ಹಾಳೆ ನಾಮಪತ್ರದ ಕೊನೆಯ ದಿನ ಮಧ್ಯಾಹ್ನ ಮೂರರೊಳಗೆ ಚುನಾವಣಾಧಿಕಾರಿಯ ಕೈ ಸೇರಬೇಕು. ಇಲ್ಲದಿದ್ದರೆ ಚಿಹ್ನೆ ಸಿಗಲ್ಲ. ಅದನ್ನು ಯಾರಿಗೆ ಕೊಡಬೇಕು ಅಂತ ಕೂತು ತೀರ್ಮಾನಿಸುವವರಲ್ಲಿ ಹೆಂಗಸರು ಅಪರೂಪ. ಅಲ್ಲಿ ಮೊದಲು ಕೇಳೋದೇ ದುಡ್ಡಿನ ಮಾತು. ಅಭ್ಯರ್ಥಿಯ ಖರ್ಚಿನ ಮಿತಿಯೇ 95 ಲಕ್ಷ. ಹೆಸರಿಗೊಂದು ಎಕರೆ ಜಮೀನೂ ಇಲ್ಲದ ಹೆಂಗಸು ಎಲ್ಲಿಂದ ತರಬೇಕು ಹೇಳಿ? ಹಾಗಾಗಿ ಟಿಕೆಟ್ ಸಿಕ್ಕರೂ ಜಾಸ್ತಿ ರಾಜಕಾರಣಿಗಳ ಮನೆಯ ಮಗಳಿಗೆ, ಸೊಸೆಗೆ.

ಇನ್ನೊಂದು ನೋವಿನ ವಿಷಯವಿದೆ. ನಿಮ್ಮಂಥವರು ಮೇಲೇರುವ ಮೆಟ್ಟಿಲು ತಾಲ್ಲೂಕು, ಜಿಲ್ಲಾ ಪಂಚಾಯಿತಿ. ಅವುಗಳಿಗೆ 2016ರಲ್ಲಿ ಚುನಾವಣೆ ಆಯಿತು. 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಖಾಲಿ ಬಿಟ್ಟರು. ಐವತ್ತು ಹಳ್ಳಿಯ ಜನರಿಗೆ ಮುಖ ಪರಿಚಯವಾಗುವ ಜಾಗವೇ ಇಲ್ಲದಿದ್ದರೆ ಟಿಕೆಟ್ ಕೇಳೋದು ಯಾವ ಬಲದ ಮೇಲೆ? ಇದರ ಬಗ್ಗೆ ಆಗಬೇಕಾದಷ್ಟು ಗಲಾಟೆ ಆಗಲಿಲ್ಲ ಅನ್ನೋದು ನನಗೆ ಸಿಟ್ಟು ತರಿಸುತ್ತದೆ.

ಪ್ರಶ್ನೆ: ಲೋಕಸಭೆ, ವಿಧಾನಸಭೆಯಲ್ಲಿ ಹೆಂಗಸರಿಗೆ ಮೂರನೇ ಒಂದು ಭಾಗ ಮೀಸಲಾತಿ ಕಾಯ್ದೆ ಆಯಿತಲ್ಲ ಮೇಡಂ?

ಉತ್ತರ: ಹೌದು, 2023ರಲ್ಲಿ. ದೇವೇಗೌಡರ ಸರ್ಕಾರ 1996ರಲ್ಲೇ ಮಸೂದೆ ತಂದಿತ್ತು, ಅಷ್ಟು ವರ್ಷ ಎಳೆದರು. 2023ರ ತಿದ್ದುಪಡಿಯಲ್ಲೂ ಜನಗಣತಿ ಆಗಿ, ಅದರ ಮೇಲೆ ಕ್ಷೇತ್ರ ಮರುವಿಂಗಡಣೆ ಆದ ನಂತರವೇ ಜಾರಿ ಅಂತ ಷರತ್ತು ಹಾಕಿದರು. ರಾಜ್ಯಸಭೆ, ವಿಧಾನ ಪರಿಷತ್ತು ಅದರಲ್ಲಿ ಸೇರಿಲ್ಲ.

ಅದನ್ನೇ ನಂಬಿ ಸುಮ್ನೆ ಕೂರಬೇಡಿ. ನಿಮ್ಮ ಪಕ್ಷದ ಬ್ಲಾಕ್ ಸಮಿತಿಯಲ್ಲಿ ಈಗಲೇ ಸ್ಥಾನ ಕೇಳಿ. ಮಹಿಳಾ ಘಟಕಕ್ಕೆ ಹೋಗಿ ಅಂತಾರೆ, ಅಷ್ಟಕ್ಕೇ ಒಪ್ಪಬೇಡಿ. ಹೆಸರು ಮೇಲಕ್ಕೆ ಹೋಗೋದು ಮುಖ್ಯ ಸಮಿತಿಯಿಂದ.